ನಾಜೂಕಿನ ಚೀಲ

ಮೇಜಿನ ಮೇಲಿದ್ದ ಪುಟ್ಟ ಚೀಲವನ್ನು ಖಂಡೆಪ್ಪ ಜಾಡಿಸಲು ಎತ್ತಿದ್ದೇ ತಡ, ರಕ್ತನಿಧಿಯ ಶಂಕ್ರಮ್ಮ ಅವನ ಮುಂಗೈ ಹಿಡಿದುಬಿಟ್ಟಳು.

"ಅದು ತೊಗರಿ ಚೀಲ ಅಲ್ರಿ ಅಣ್ಣಾರ! ಜಾಡಿಸಿದ್ರ ಒಳಗಿನ ಜೀವಕಣ ಹಾಳಾಗ್ತಾವ."

ಕಲಬುರ್ಗಿಯ ನೆಹರು ಗಂಜ್‌ನ ಕಾಳಿನ ಪೇಟೆಯಲ್ಲಿ ಹಮಾಲನಾಗಿದ್ದ ಅವನಿಗೆ ಗೊತ್ತಿದ್ದದ್ದು ಒಂದೇ: ಚೀಲದಲ್ಲಿ ಕಾಳು ಒತ್ತಿ ಕೂತರೆ ಎತ್ತಿ ಜಾಡಿಸಬೇಕು. ಅವನು ಕೊಟ್ಟ ರಕ್ತವನ್ನು ಯಂತ್ರ ಗರಗರ ತಿರುಗಿಸಿ, ರಕ್ತಸ್ರಾವ ನಿಲ್ಲಿಸುವ ಕಣಗಳನ್ನು ಬೇರೆ ಮಾಡಿತ್ತು. ಈ ಪುಟ್ಟ ಚೀಲದ ಹಳದಿ ನೀರಿನ ತಳದಲ್ಲಿ ಅವು ಗಂಟಾಗಿ ಕೂತಿದ್ದವು. ಡೆಂಗಿ ಜ್ವರವೆಂದು ಕಮಲಾಪುರದಿಂದ ಕರೆತಂದ ಮಗಳು ಚಂದಮ್ಮ ಪಕ್ಕದ ವಾರ್ಡಿನಲ್ಲಿದ್ದಳು.

"ಹುಡುಗಿ ಬಾಯಾಗ ರಕ್ತ ಬರಾಕತ್ತದ, ಲಗೂನ ಕೊಡ್ರಿ ಅಕ್ಕೋರ."

"ಯಂತ್ರದಾಗ ತಿರುಗಿ ತಿರುಗಿ ಕಣ ದಣದಾವ. ಒಂದ್ ತಾಸು ಸುಮ್ನ ಮಲಗಲಿ, ಗಂಟು ತಾವೇ ಬಿಡಿಸ್ಕೋತಾವ."

ಅವನು ಬೈದ, ಬೇಡಿಕೊಂಡ, ಶಂಕ್ರಮ್ಮ ಜಗ್ಗಲಿಲ್ಲ. ಹೊತ್ತು ಕಳೆದ ಮೇಲೆ ಚೀಲವನ್ನು ಅಂಗೈ ಮೇಲಿಟ್ಟುಕೊಂಡು, ಎಣ್ಣೆ ತುಂಬಿದ ಹಣತೆ ಹಿಡಿದವಳಂತೆ ಮೆಲ್ಲಗೆ ಆಚೆ ಈಚೆ ಓಲಾಡಿಸಿದಳು. ಗಂಟು ಕರಗಿತು. ಕಿಟಕಿಯ ಬೆಳಕಿಗೆ ಹಿಡಿದಾಗ ಹಳದಿ ನೀರಿನೊಳಗೆ ರೇಷ್ಮೆಯ ಮಡಿಕೆ ಬಿಚ್ಚಿದಂತೆ ಮಿನುಗುವ ಸುಳಿಗಳೆದ್ದವು.

"ಹಿಂಗ ಸುಳಿ ಎದ್ರ ಜೀವಂತ ಅದಾವ ಅಂತ. ನೋಡ್ರಿ, ಇವು ನಿಮ್ಮವೇ."

ಕ್ವಿಂಟಲ್ ಚೀಲ ಹೊತ್ತು ಓಡುವ ಖಂಡೆಪ್ಪ, ತನ್ನ ಮೈಯೊಳಗೆ ಇಷ್ಟು ನಾಜೂಕಿನದೊಂದು ಇತ್ತೆಂದು ನಂಬಲಾರದೆ ನೋಡಿದ. ಅವಳು ಚೀಲವನ್ನು ಅವನ ಕೈಗೇ ಕೊಟ್ಟಳು. ಇಷ್ಟೊತ್ತು ಲಗೂನ ಲಗೂನ ಅನ್ನುತ್ತಿದ್ದವನು ಎರಡೂ ಅಂಗೈ ಒಡ್ಡಿ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಮಗಳ ಕಡೆಗೆ ಮೆಲ್ಲಮೆಲ್ಲಗೆ ನಡೆದ.