ದೊರೆಗೆ ಧೈರ್ಯದ ಪಾಠ

ಗುಡುಗಿದ್ದೇ ತಡ, ಬಾಯ್ಲರ್ ತಾತ ನಾಯಿಯನ್ನು ಬಾಚಿ ತಬ್ಬಿಕೊಂಡು ಮಂಚದ ಕೆಳಗೆ ನುಸುಳಿದರು. ಅಲ್ಲಿ ಆಗಲೇ ಬೆಕ್ಕು ಸೇರಿಕೊಂಡಿತ್ತು.

“ಶುರುವಾಯ್ತಾ ನಿಮ್ಮ ಸವಾರಿ?” ಅಡುಗೆಮನೆಯಿಂದ ಅಜ್ಜಿ ಕೂಗಿದರು.

“ನಾನೇನು ಮಾಡ್ಲೇ? ಪಾಪ, ದೊರೆ ಹೆದರ್ಕೊಂಡಿದಾನೆ. ಒಬ್ಬನ್ನೇ ಬಿಟ್ರೆ ಎದೆ ಒಡ್ಕೊಂಡು ಸಾಯ್ತಾನೆ ಅಷ್ಟೇ!”

ದೊರೆ ಎಂದರೆ ನಾಯಿ. ವಯಸ್ಸಾಗಿತ್ತು, ಹೆಸರಿಗೆ ತಕ್ಕ ಗತ್ತೂ ಬಂದಿತ್ತು. ಕರೆದರೆ ತಿರುಗಿಯೂ ನೋಡದು. ಎದುರು ನಿಂತು ಕೈ ಬೀಸಿದರೆ, ಅದೂ ಮನಸ್ಸಿದ್ದರೆ, ಎದ್ದು ಬರುವುದು. ಇಂಥ ಗತ್ತಿನ ಪ್ರಾಣಿ ತಾತನ ತೋಳಿನಲ್ಲಿ ಹೀಗೆ ಗಡಗಡ ಅಲುಗುವುದನ್ನು ಕಂಡರೆ ಯಾರ ಕರುಳಾದರೂ ಚುರುಕ್ ಎನ್ನಬೇಕು. ಇದಕ್ಕೂ ಮೊದಲು ಸಾಕಿದ್ದ ನಾಯಿ ಪುಕ್ಕಲು. ಅದಕ್ಕೂ ಹಿಂದಿನದು ಇನ್ನೂ ಪುಕ್ಕಲು. ತಾವು ಕೆಲಸಕ್ಕಿದ್ದ ಗಿರಣಿಯಲ್ಲಿ ಬಾಯ್ಲರ್ ಸಿಡಿದ ವರ್ಷದಿಂದ ಈ ಮನೆಯ ಹೊಸ್ತಿಲು ತುಳಿದ ನಾಯಿಗಳ ಹಣೆಬರಹವೇ ಇಷ್ಟು ಎಂದು ತಾತ ಕೊರಗುತ್ತಿದ್ದರು. ಅವುಗಳ ಜೊತೆ ಮಂಚದ ಕೆಳಗೆ ಮುದುರಿ ಮುದುರಿ ಅವರ ಸೊಂಟ ಹಿಡಿದುಹೋಗಿತ್ತು.

ಈಗ ದೊಡ್ಡ ಗಂಡಾಂತರವೇ ಕಾದಿತ್ತು. ಮೈದಾನದಾಚೆಯ ಆ ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಚಿಮ್ನಿಯನ್ನು ಬರುವ ತಿಂಗಳು ಮದ್ದಿಟ್ಟು ಉರುಳಿಸುತ್ತಾರಂತೆ. ತಾತನ ಆಯುಷ್ಯವೆಲ್ಲ ಕಳೆದದ್ದು ಆ ಚಿಮ್ನಿಯ ಬುಡದಲ್ಲೇ. ಜೊತೆಗೆ ದುಡಿದ ಗೆಳೆಯರೆಲ್ಲ ಅದರ ಕೊನೆ ನೋಡಲು ತಾತನ ಮನೆಯ ತಾರಸಿಗೇ ಬರುವುದೆಂದು ನಿಶ್ಚಯವಾಗಿತ್ತು. ಅವರ ನಡುವೆ ನಿಂತು ತಾನೂ ನೋಡಬೇಕೆಂದು ತಾತನಿಗೆ ಬೆಟ್ಟದಷ್ಟು ಆಸೆ.

“ಎಲ್ರೂ ಮೇಲಿರ್ತಾರೆ, ನಾನು ಮಾತ್ರ ಇವನ ಜೊತೆ ಮಂಚದ ಕೆಳಗೆ,” ಎಂದು ಅಲವತ್ತುಕೊಂಡರು.

ಅಜ್ಜಿ ನಾಯಿ ಡಾಕ್ಟರಮ್ಮನನ್ನು ಮನೆಗೇ ಕರೆಸಿದರು.

ಡಾಕ್ಟರಮ್ಮ ಟಾರ್ಚು ಹಿಡಿದು ದೊರೆಯ ಬಾಯಿ, ಕಣ್ಣು, ಕಿವಿ ಎಲ್ಲ ನೋಡುತ್ತಿದ್ದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಅಜ್ಜಿಯ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಠಣಾರೆಂದು ಬಿತ್ತು. ಬೆಕ್ಕು ಕಪಾಟಿನ ಮೇಲೆ ಹಾರಿತು. ತಾತನ ಕಾಫಿ ಪಂಚೆಯ ಮೇಲೆ ಹಾರಿತು.

“ನೋಡಿದ್ರಾ ಡಾಕ್ಟರಮ್ಮ? ಭಯಕ್ಕೆ ಹೇಗೆ ಕಲ್ಲಾಗಿ ಕೂತುಬಿಟ್ಟ!” ಎಂದರು ತಾತ, ದೊರೆಯನ್ನು ತೋರಿಸುತ್ತ.

ಡಾಕ್ಟರಮ್ಮ ಅಜ್ಜಿಯ ಮುಖ ನೋಡಿದರು. ಇಬ್ಬರೂ ಅಡುಗೆಮನೆಗೆ ಹೋಗಿ ಏನೋ ಗುಸುಗುಸು ಮಾತಾಡಿ ಬಂದರು.

“ಇದು ವಾಸಿಯಾಗೋ ಭಯ, ಯಜಮಾನ್ರೇ,” ಎಂದರು ಡಾಕ್ಟರಮ್ಮ. “ಫೋನಲ್ಲಿ ಗುಡುಗು, ಪಟಾಕಿ, ಬಂಡೆ ಒಡೆಯೋ ಸದ್ದು ಹಾಕಿಕೊಡ್ತೀನಿ. ಮೊದಲು ಪಿಸುಮಾತಿನಷ್ಟೇ ಇರಲಿ. ಹಿಂದೆಯೇ ತಿನ್ನೋಕೆ ಏನಾದ್ರೂ ಕೊಡಿ. ಆರಾಮಾಗಿ ತಿಂದ್ರೆ ಮಾರನೇ ದಿನ ಒಂಚೂರು ಜಾಸ್ತಿ. ಬೆಚ್ಚಿಬಿದ್ರೆ ಕಡಿಮೆ ಮಾಡಿ. ಅವಸರ ಪಡಿಸಬಾರದು, ಬೈಬಾರದು. ಹೆದರಿದ್ದಕ್ಕೆ ನಾಚಿಕೆ ಆಗೋ ಹಾಗಂತೂ ಮಾಡಲೇಬಾರದು.”

“ಛೇ ಛೇ, ಖಂಡಿತ ಇಲ್ಲ,” ಎಂದರು ಅಜ್ಜಿ.

“ಇನ್ನೊಂದು. ನಿಮ್ಮ ಕೈ ನಡುಗಿದ್ರೆ ಅವನಿಗೂ ಗೊತ್ತಾಗುತ್ತೆ. ನೀವು ಪಕ್ಕದಲ್ಲಿ ಕದಲದೆ ಕೂತಿರಬೇಕು.”

“ಅದಕ್ಕೇನಂತೆ! ನನಗೇನು ಭಯವಾ?” ತಾತ ಮೀಸೆ ಸವರಿಕೊಂಡರು.

ಮರುದಿನದಿಂದ ಸಂಜೆಸಂಜೆ ಪಾಠ ನಡೆಯಿತು. ಫೋನು ಅಜ್ಜಿಯ ಕೈಯಲ್ಲಿ. ದೊರೆಗೆ ಬಿಸ್ಕತ್ತು, ತಾತನಿಗೆ ಕೇಕು. ಕಪಾಟಿನ ಮೇಲಿಂದಲೇ ನೋಡುತ್ತಿದ್ದ ಬೆಕ್ಕು ಕೇಕಿನ ಆಸೆಗೆ ದಿನಕ್ಕೊಂದು ಹಲಗೆ ಕೆಳಗಿಳಿಯತೊಡಗಿತು. ಮೊದಮೊದಲು ತಾತ, “ಸಾಕು ಕಣೇ, ಪಾಪ, ಇವನ ಕೈಲಾಗ್ತಿಲ್ಲ,” ಎಂದು ಬೆವರು ಒರೆಸಿಕೊಳ್ಳುವರು. ಅಜ್ಜಿ ತಕ್ಷಣ ಸದ್ದು ಇಳಿಸುವರು. ಬರಬರುತ್ತ, “ಪರವಾಗಿಲ್ಲ, ತಡ್ಕೋತಾನೆ. ಇನ್ನೂ ಸ್ವಲ್ಪ ಏರಿಸು,” ಎನ್ನತೊಡಗಿದರು. ಆಗಾಗ ಬರುತ್ತಿದ್ದ ಡಾಕ್ಟರಮ್ಮನ ಕಣ್ಣು ನಾಯಿಗಿಂತ ಹೆಚ್ಚಾಗಿ ತಾತನ ಮೇಲೇ ಇರುತ್ತಿತ್ತು. ಕಲಿಸುವ ಕ್ರಮ ಸರಿಯಿದೆಯೋ ಇಲ್ಲವೋ ಎಂದು ಗಮನಿಸುತ್ತಿದ್ದಾರೆ ಎಂದುಕೊಂಡು ತಾತ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಒಂದು ಸಂಜೆ ಫೋನಿನಲ್ಲಿ ಬಂಡೆಗಳು ಢಮಾರೆಂದು ಒಡೆಯುತ್ತಿರುವಾಗ ತಾತ ಕೇಕು ಮೆಲ್ಲುತ್ತ, “ಸಕ್ಕರೆ ಒಂಚೂರು ಕಡಿಮೆಯಾಯ್ತು,” ಎಂದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೇಕಿಗೆ ಹೆಸರಿಟ್ಟಿದ್ದಕ್ಕೆ ಇಷ್ಟು ಬೇಜಾರೇ ಎಂದು ತಾತನಿಗೆ ಪಿಚ್ಚೆನಿಸಿತು.

ಆ ದಿನ ಬಂದೇಬಂತು. ತಾರಸಿಯಲ್ಲಿ ಗೆಳೆಯರ ದಂಡು, ಜೊತೆಗೆ ಡಾಕ್ಟರಮ್ಮ. ಕಟ್ಟೆಗೆ ಒರಗಿ ತಾತ. ಅವರ ಪಾದದ ಮೇಲೆ ತಲೆಯಿಟ್ಟು ಮಲಗಿದ್ದ ದೊರೆ. ಸೈರನ್ ಕೂಗಿತು. ತಾತ ಬಗ್ಗಿ ನಾಯಿಯ ತಲೆ ನೇವರಿಸಿದರು. “ನಾನಿದೀನಿ ಕಣೋ, ಹೆದರಬೇಡ.”

ಭೂಮಿ ಬಾಯಿಬಿಟ್ಟಂಥ ಸದ್ದು. ಗೆಳೆಯರಲ್ಲಿ ಅರ್ಧ ಜನ ಕಿವಿ ಮುಚ್ಚಿ ಕುಕ್ಕರಿಸಿದರು. ತಾತ ನಿಂತೇ ಇದ್ದರು. ಚಿಮ್ನಿ ಒಮ್ಮೆ ತೂಗಿ, ಮೆಲ್ಲಗೆ ವಾಲಿ, ಧೂಳಿನಲ್ಲಿ ಮಲಗಿತು. ಅವರು ಕಣ್ಣು ಮಿಟುಕಿಸದೆ ಕೊನೆಯ ಇಟ್ಟಿಗೆಯವರೆಗೂ ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿ ಮಕ್ಕಳಂತೆ ನಕ್ಕರು.

ದೊರೆ ಆಕಳಿಸಿ ಮಗ್ಗುಲು ಬದಲಿಸಿತು.

“ಗೆದ್ದುಬಿಟ್ಟ ಡಾಕ್ಟರಮ್ಮ, ನನ್ನ ದೊರೆ ಗೆದ್ದುಬಿಟ್ಟ!” ತಾತನಿಗೆ ಹಿಗ್ಗೋ ಹಿಗ್ಗು. “ಎಂಥಾ ಸದ್ದು! ನೋಡಿ, ಒಂದು ರೋಮ ಕೂಡ ಅಲುಗಲಿಲ್ಲ. ಎಲ್ಲಾ ನಿಮ್ಮ ಪಾಠದ ಮಹಿಮೆ!”

ಡಾಕ್ಟರಮ್ಮ ಅಜ್ಜಿಯ ಕಡೆ ತಿರುಗಿದರು. ನಗು ತಡೆಯಲಾರದೆ ಅಜ್ಜಿ ತಲೆಯಾಡಿಸಿದರು. “ಇನ್ನು ಹೇಳಿಬಿಡಿ, ಪರವಾಗಿಲ್ಲ.”

“ಯಜಮಾನ್ರೇ, ನಿಮ್ಮ ದೊರೆಗೆ ಕಿವಿ ಕೇಳಿಸೋದು ನಿಂತು ಎರಡು ವರ್ಷ ಆಯ್ತಂತೆ.”