ಬಂಡೆಗೆ ಸಿಂಧೂರ

ಗುಡ್ಡದ ಕೊನೆಯ ತಿರುವಿನಲ್ಲಿ ದಿಶಾ ಕಿರುಚಿಕೊಂಡಳು. ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದ ಮೋಹನದಾಸರು ಓಡಲಿಲ್ಲ. ಅದೇ ನಡಿಗೆಯಲ್ಲಿ ಬಂದು ಅವಳ ಪಕ್ಕ ನಿಂತರು.

ಬಂಡೆಯ ಮುಖದ ತುಂಬಾ ಸಿಂಧೂರ. ಎಣ್ಣೆಯಲ್ಲಿ ಕಲಸಿ ದಪ್ಪಗೆ ಬಳಿದ ಕೇಸರಿ ಸಿಂಧೂರ. ಮೇಲೊಂದು ಚೆಂಡುಹೂವಿನ ಹಾರ, ಕೆಳಗೆ ಒಡೆದ ತೆಂಗಿನಕಾಯಿ. ಸಾವಿರಾರು ವರ್ಷಗಳ ಹಿಂದೆ ಯಾರೋ ಕೆಮ್ಮಣ್ಣಿನಲ್ಲಿ ಬರೆದ ನಲವತ್ಮೂರು ಚಿತ್ರಗಳು ಅದರಡಿ ಸೇರಿಹೋಗಿದ್ದವು. ಜಿಂಕೆ, ಬಿಲ್ಲುಗಾರ, ಕೈ ಕೈ ಹಿಡಿದು ಕುಣಿಯುವವರ ಸಾಲು, ಯಾವುದೂ ಕಾಣುತ್ತಿರಲಿಲ್ಲ.

“ಸಬ್ ಖತಂ, ದೊಡ್ಡಪ್ಪ,” ಎಂದಳು ದಿಶಾ.

ಮೋಹನದಾಸರು ಉಡುಪಿ ಕಡೆಯವರು, ಡೊಂಬಿವಿಲಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ಮನುಷ್ಯ. ಹನ್ನೊಂದು ವರ್ಷದ ಹಿಂದೆ ಟಿಟ್ವಾಳಾ ಗಣಪತಿಗೆ ಕೈಮುಗಿಯಲು ಬಂದವರು ದಾರಿ ತಪ್ಪಿ ಈ ಗುಡ್ಡ ಹತ್ತಿದ್ದರು. ಅಂದಿನಿಂದ ರಜೆ ಸಿಕ್ಕಿದರೆ ಸಾಕು, ಸವಾರಿ ಇಲ್ಲಿಗೇ. ಹೆಂಡತಿ ಹರಿಣಾಕ್ಷಿ ಈ ಬಂಡೆಯನ್ನು ನನ್ನ ಸವತಿ ಎಂದೇ ಕರೆಯುತ್ತಿದ್ದರು. ಅಳತೆ ಹಿಡಿದು, ಫೋಟೋ ತೆಗೆದು, ಒಂದೊಂದು ಗೆರೆಯನ್ನೂ ಪುಸ್ತಕಕ್ಕೆ ಇಳಿಸಿದ್ದೇ ಇಳಿಸಿದ್ದು. ತಮ್ಮನ ಮಗಳು ದಿಶಾ ಪುರಾತತ್ವ ಓದಲು ಹೋದದ್ದೂ ಇವರ ಹುಚ್ಚು ಅಂಟಿಸಿಕೊಂಡೇ. ಒಮ್ಮೆ ಗೆರೆ ಚೆನ್ನಾಗಿ ಕಾಣಲಿ ಎಂದು ಅವಳು ಒದ್ದೆ ಬಟ್ಟೆ ಮುಟ್ಟಿಸಲು ಹೋದದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು ಪುಣ್ಯಾತ್ಮ.

ಈಗ ಗುಡ್ಡದ ಆಚೆ ಹೊಸ ಕಾಂಪ್ಲೆಕ್ಸ್ ಏಳುತ್ತಿತ್ತು. ಅದರ ರಸ್ತೆ ಬರಬೇಕಾದದ್ದು ಸರಿಯಾಗಿ ಈ ಬಂಡೆ ಇದ್ದಲ್ಲೇ. ಬಂಡೆ ಉಳಿಸಿಕೊಡಿ ಎಂದು ಮೋಹನದಾಸರು ಪುರಾತತ್ವ ಇಲಾಖೆಗೆ ಅರ್ಜಿ ಹಾಕಿದ್ದರು. ಶುಕ್ರವಾರ ಕಚೇರಿಯಲ್ಲಿ ವಿಚಾರಿಸಿದರೆ ತಣ್ಣಗಿನ ಉತ್ತರ ಸಿಕ್ಕಿತು: ಬುಧವಾರ ಅಧಿಕಾರಿ ಬಂದು ನೋಡುತ್ತಾರೆ, ಆದೇಶ ಹೊರಡಲು ಆರು ತಿಂಗಳಾದರೂ ಬೇಕು. ಜೆಸಿಬಿ ಬರುವುದು ಗುರುವಾರ. ಇವತ್ತು ಭಾನುವಾರ.

ಬುಧವಾರ ನೋಡಲಿಕ್ಕೆ ಏನೂ ಇರಬಾರದೆಂದು ಬಿಲ್ಡರನೇ ಮಾಡಿಸಿದ ಕೆಲಸ ಇದು ಎಂದಳು ದಿಶಾ. ಬಿರುಕಿನೊಳಗೆ ಅಡಗಿದ್ದ ಹೆಬ್ಬೆರಳುದ್ದದ ಜಿಂಕೆಮರಿಯನ್ನೂ ಬಿಟ್ಟಿರಲಿಲ್ಲವಲ್ಲ! ಅರ್ಜಿಯ ಜೊತೆ ಕೊಟ್ಟ ನಕ್ಷೆ ಅವನ ಕೈಸೇರಿದೆ ಎಂದು ಅವಳ ವಾದ. ಮೋಹನದಾಸರು ಅಳು ಬರಬಹುದೆಂದು ಕಾದರು. ಬರಲಿಲ್ಲ. ಎದೆಯೊಳಗೆ ಯಾರೋ ಕರೆಂಟ್ ತೆಗೆದ ಹಾಗಿತ್ತು.

ಅವಳ ಒತ್ತಾಯಕ್ಕೆ ಪೊಲೀಸ್ ಸ್ಟೇಷನ್ನಿಗೂ ಹೋಗಿಬಂದದ್ದಾಯಿತು. ಯಾರ ಮೇಲೆ ಸಂಶಯ ಎಂಬಲ್ಲಿ ಮೋಹನದಾಸರು ಏನನ್ನೂ ಬರೆಯಲಿಲ್ಲ. ಬಿಲ್ಡರನ ಹೆಸರು ಹಾಕಿ ಎಂದು ದಿಶಾ ಗೋಗರೆದಳು. ನೋಡದೆ ಹೇಗೆ ಹಾಕುವುದು ಎಂದರು. ಗೊತ್ತಿದ್ದವರನ್ನು ಕರೆಸಿ ಸಿಂಧೂರ ತೆಗೆಸೋಣ ಎಂದದ್ದಕ್ಕೂ ಬೇಡ ಎಂದೇ ಉತ್ತರ. ಈಗ ಉಜ್ಜಿದರೆ ಒಳಗಿನ ಬಣ್ಣವೂ ಎದ್ದು ಬರುತ್ತದಂತೆ.

ಮನೆಯಲ್ಲಿ ಹರಿಣಾಕ್ಷಿ ಬಂಗುಡೆ ಮೀನಿನ ಸಾರು ಬಡಿಸಿದರು. ಉಪ್ಪು ಹಾಕಲು ಮರೆತಿದ್ದರು. ಮೋಹನದಾಸರು ಹಾಗೇ ಉಂಡರು.

“ಶನಿವಾರದಿಂದಲೂ ಇದೇ ಮುಖ. ಒಮ್ಮೆ ಅತ್ತಾದರೂ ಬಿಡಿ ಮಾರಾಯ್ರೆ,” ಎಂದರು ಹರಿಣಾಕ್ಷಿ.

ಬುಧವಾರ ಅಧಿಕಾರಿ ಬಂದರು. ನಾಲ್ಕು ಫೋಟೋ ತೆಗೆದರು. ಆಗಲೇ ಕೆಳಗಿನ ಹಳ್ಳಿಯ ಹೆಂಗಸರಿಬ್ಬರು ಬಂಡೆಗೆ ಊದುಬತ್ತಿ ಹಚ್ಚುತ್ತಿದ್ದರು. ಇಲ್ಲಿ ಅಧ್ಯಯನಕ್ಕೆ ಏನೂ ಉಳಿದಿಲ್ಲ, ಅರ್ಜಿ ಮುಚ್ಚುತ್ತೇನೆ ಎಂದರು ಅಧಿಕಾರಿ. ಅವರು ತೋರಿಸಿದಲ್ಲಿ ಮೋಹನದಾಸರು ಸಹಿ ಹಾಕಿದರು. ದಿಶಾ ಆಚೆ ತಿರುಗಿ ಕಣ್ಣೊರೆಸಿಕೊಂಡಳು.

ಗುರುವಾರ ಬರಲಾರೆ ಎಂದವಳನ್ನು ಮೋಹನದಾಸರೇ ಹೊರಡಿಸಿದರು. ಬಂಡೆಯ ಮುಂದೆ ಹಳ್ಳಿಯವರು ಹತ್ತಿಪ್ಪತ್ತು ಜನ ಕೂತಿದ್ದರು. ಜೆಸಿಬಿ ಗುಡುಗುಟ್ಟುತ್ತಾ ಮೇಲೆ ಬಂತು. ನಡೆಸುತ್ತಿದ್ದವನು ಕಲಬುರಗಿ ಕಡೆಯ ಸಿದ್ರಾಮ. ಬಂಡೆ ಕಂಡದ್ದೇ ಎಂಜಿನ್ ಆರಿಸಿದ, ಕೆಳಗಿಳಿದ, ಚಪ್ಪಲಿ ಬಿಟ್ಟ. ಬಿಲ್ಡರನ ಮ್ಯಾನೇಜರ್ ಕೂಗಾಡಿದ. ಅವನಿಗೆ ಹಿಂದಿಯಲ್ಲಿ ಆಗುವುದಿಲ್ಲ ಎಂದ ಸಿದ್ರಾಮ, ಮೋಹನದಾಸರು, ದಿಶಾ ಆಡಿಕೊಳ್ಳುತ್ತಿದ್ದ ಕನ್ನಡ ಕಿವಿಗೆ ಬಿದ್ದು ಇವರತ್ತ ತಿರುಗಿದ.

“ನೀವಾರ ಹೇಳ್ರಿ ಸಾಹೇಬ್ರ. ದೇವ್ರ ಮೈಮ್ಯಾಲ ಕಬ್ಬಿಣ ಹೆಂಗ ಇಡ್ಲಿ?”

ಬೇರೆ ಡ್ರೈವರ್ ಬಂದ. ಅವನೂ ಕೈಮುಗಿದು ನಿಂತ. ಮ್ಯಾನೇಜರ್ ಮರದಡಿ ಹೋಗಿ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದ. ವಾಪಸು ಬಂದವನು ತಾನೂ ಬೂಟು ಬಿಚ್ಚಿ ಅಡ್ಡಬಿದ್ದ. ರಸ್ತೆ ಮೂವತ್ತು ಅಡಿ ಕೆಳಗೆ ಹೋಗುತ್ತದೆ, ಬಂಡೆಯ ಸುತ್ತ ಕಂಪನಿಯೇ ಕಟಕಟೆ ಹಾಕಿಸುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ವಾಪಸು ಲೋಕಲ್ ರೈಲಿನಲ್ಲಿ ಇಬ್ಬರಿಗೂ ಕಿಟಕಿ ಸೀಟೇ ಸಿಕ್ಕಿತು. ಬಿಲ್ಡರನ ಕುತಂತ್ರ ಅವನಿಗೇ ತಿರುಗಿಬಿತ್ತು, ಚೆನ್ನಾಗಿ ಆಯಿತು ಎಂದು ದಿಶಾ ಒಣನಗೆ ನಕ್ಕಳು. ಆಂಬಿವ್ಲಿ ಸ್ಟೇಷನ್ ದಾಟುವಾಗ ನಗು ನಿಂತಿತ್ತು.

ಸಿಂಧೂರ ಹಳತಾದರೆ ಪದರವಾಗಿ ತಾನೇ ಕಳಚಿ ಬೀಳುವುದುಂಟು, ಒಳಗಿನದು ಉಳಿದರೂ ಉಳಿದೀತು ಎಂದರು ಮೋಹನದಾಸರು. ಎಷ್ಟು ವರ್ಷಕ್ಕೆ ಎಂದು ಕೇಳಿದಳು. ಇನ್ನೂರಾದರೂ ಆಗಬಹುದು ಎಂದರು.

“ಬಂಡೆ ಉಳಿಯಿತು, ಸರಿ. ನಿಮ್ಮ ಹನ್ನೊಂದು ವರ್ಷ ಹೋಯ್ತಲ್ಲ ದೊಡ್ಡಪ್ಪ. ಬಳಿದವನನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.”

“ಕ್ಷಮಿಸಬೇಡ ಮಗಳೇ,” ಎಂದರು ಮೋಹನದಾಸರು. “ನಾನು ಕಣ್ಣು ಮುಚ್ಚಿಕೊಂಡೇ ಬಳಿದದ್ದು, ಆದರೂ ನಲವತ್ಮೂರರಲ್ಲಿ ಒಂದೂ ತಪ್ಪಲಿಲ್ಲ.”