ಒಗೆದ ಕಂಬಳಿ

“ಇದನ್ನು ಒಗೆದದ್ದಾ?” ಎಂದು ಸಿಸ್ಟರ್ ಲೀನೆಟ್ ಕೇಳಿದಾಗ ಕುಮುದಿನಿ ಹೆಮ್ಮೆಯಿಂದಲೇ ತಲೆಯಾಡಿಸಿದಳು. ಮೀನು ಮಾರುವವಳ ಮನೆಯ ವಾಸನೆ ಬರಬಾರದೆಂದು ಎರಡೆರಡು ಸಲ ಸೋಪು ಹಾಕಿ ಒಗೆದು, ಬಿಸಿಲಿಗೆ ಒಣಗಿಸಿ ಆ ಕಂಬಳಿಯನ್ನು ಜೆಪ್ಪುವಿನ ಇಗರ್ಜಿಗೆ ತಂದಿದ್ದಳು. ತೀರಿಹೋದ ಫಾದರ್ ಬೊನಿಫಾಸರಿಗೆ ಸಂತ ಪದವಿ ಸಿಗಲೆಂದು ಅಲ್ಲಿ ಪ್ರಾರ್ಥನೆ ನಡೆದಿತ್ತು. ಅವರು ಬಳಸಿದ ವಸ್ತುಗಳನ್ನು ಗಾಜಿನ ಕಪಾಟಿನಲ್ಲಿಡಲು ಕೂಡಿಸುತ್ತಿದ್ದರು.

“ಅಯ್ಯೋ, ಎಂತ ಮಾಡಿದ್ರಿ ಕುಮುದಿನಿಯಕ್ಕ! ಭಕ್ತರು ಮುತ್ತಿಡುವುದು ಅವರ ಬೆವರು ಹತ್ತಿದ ಬಟ್ಟೆಗೆ. ಇದರಲ್ಲಿ ಈಗ ಸೋಪಿನ ವಾಸನೆ ಮಾತ್ರ ಉಂಟು.” ಸಿಸ್ಟರ್ ಕಂಬಳಿಯನ್ನು ಮೇಜಿನ ಅಂಚಿಗೆ ಸರಿಸಿದರು.

ಅದನ್ನು ವಾಪಸು ಎಳೆದುಕೊಳ್ಳಲು ಚಾಚಿದ ಕುಮುದಿನಿಯ ಕೈ ಅಲ್ಲೇ ನಿಂತಿತು. “ನನ್ನ ಬಾಣಂತನಕ್ಕೆ ಫಾದರ್ ಇದನ್ನು ಕೊಟ್ಟಾಗಲೂ ಇದೇ ವಾಸನೆ ಇತ್ತು ಸಿಸ್ಟರ್. ಅವರಿಗೆ ಇದ್ದದ್ದೇ ಒಂದು ಕಂಬಳಿ. ತಾನು ಹೊದ್ದದ್ದನ್ನು ಬಾಣಂತಿಗೆ ಹಾಗೇ ಕೊಡಬಾರದೂಂತ, ನಮ್ಮ ಬಾವಿಕಟ್ಟೆಯಲ್ಲಿ ಅವರೇ ಕೂತು ಒಗೆದು, ಒಣಗಿಸಿ ಕೊಟ್ಟದ್ದು.”

ಸಿಸ್ಟರ್ ಕಂಬಳಿಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು, ಆ ಸೋಪಿನ ವಾಸನೆಗೇ ಮುತ್ತಿಟ್ಟರು.